ಪದ ಪರಿಚಯ: ವೀಲ್ ಬ್ಯಾಲೆನ್ಸಿಂಗ್ ಮತ್ತು ವೀಲ್ ಅಲೈನ್‌ಮೆಂಟ್

ಟಯರ್ ಅಂಗಡಿಯ ಫಲಕದಲ್ಲಿ ಈ ಎರಡು ಹೆಸರುಗಳು ಸದಾ ಜೋಡಿಯಾಗಿಯೇ ಇರುತ್ತವೆ, ಬಿಲ್ಲಿನಲ್ಲೂ ಹಾಗೆಯೇ. ಆದ್ದರಿಂದ ಇವೆರಡೂ ಒಂದೇ ಕೆಲಸದ ಭಾಗಗಳೆಂದು ಅನೇಕರು ತಿಳಿದಿದ್ದಾರೆ. ಆದರೆ ಇವು ಎರಡು ಬೇರೆ ದೋಷಗಳಿಗೆ ಎರಡು ಬೇರೆ ಮದ್ದುಗಳು. ವೇಗ ಏರಿದಾಗ ಕಾರು ನಡುಗಿದರೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸಿಂಗ್. ಟಯರಿನ ಒಂದೇ ಅಂಚು ಬೇಗ ಸವೆದರೆ ಅಥವಾ ನೇರ ರಸ್ತೆಯಲ್ಲೂ ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್. ನಡುಕಕ್ಕೆಂದು ಅಲೈನ್‌ಮೆಂಟ್ ಮಾಡಿಸಿ, ದುಡ್ಡು ಕೊಟ್ಟು, ಅದೇ ನಡುಕದೊಂದಿಗೆ ಮನೆಗೆ ಮರಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಟಯರು ಮತ್ತು ರಿಮ್ ಸೇರಿದ ಚಕ್ರದ ತೂಕ ಸುತ್ತಲೂ ಸಮನಾಗಿ ಹಂಚಿಕೆಯಾಗುವಂತೆ ಮಾಡುವುದೇ ಬ್ಯಾಲೆನ್ಸಿಂಗ್. ಚಕ್ರವನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಎಲ್ಲಿ ಎಷ್ಟು ಗ್ರಾಂ ಕಡಿಮೆಯಿದೆ ಎಂದು ಯಂತ್ರ ತೋರಿಸುತ್ತದೆ, ಅಲ್ಲಿ ರಿಮ್ಮಿಗೆ ಸಣ್ಣ ತೂಕದ ತುಂಡನ್ನು ಬಡಿಯುತ್ತಾರೆ ಅಥವಾ ಅಂಟಿಸುತ್ತಾರೆ. ಕೆಲವು ಗ್ರಾಂಗೆ ಇಷ್ಟು ಆರ್ಭಟವೇ ಎಂದು ಅನಿಸಬಹುದು. 14 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ. ಆಗ ಆ 30 ಗ್ರಾಂ ಸುಮಾರು 5 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಸೆಳೆಯುತ್ತದೆ, ಅದೂ ಪ್ರತಿ ಸುತ್ತಿನಲ್ಲೂ ದಿಕ್ಕು ಬದಲಿಸುತ್ತ. ವೇಗ 50ಕ್ಕೆ ಇಳಿದರೆ ಸೆಳೆತ ಒಂದೂಕಾಲು ಕಿಲೋಗೆ ಇಳಿಯುತ್ತದೆ. ಊರೊಳಗೆ ತೆಪ್ಪಗಿರುವ ಕಾರು ಹೆದ್ದಾರಿಯಲ್ಲಿ 80 ದಾಟುತ್ತಿದ್ದಂತೆ ನಡುಗಲು ಇದೇ ಕಾರಣ. ನಡುಕ ಸ್ಟೇರಿಂಗ್‌ನಲ್ಲಿ ಕಂಡರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿನಲ್ಲೂ ನೆಲದಲ್ಲೂ ಕಂಡರೆ ಹಿಂದಿನದು. ಮಳೆಗಾಲದಲ್ಲಿ ಕಚ್ಚಾ ರಸ್ತೆಯಲ್ಲಿ ಓಡಾಡಿದವರು ಅಂಗಡಿಗೆ ಹೋಗುವ ಮೊದಲು ರಿಮ್ಮಿನ ಒಳಬದಿಯನ್ನು ತೊಳೆದು ನೋಡಲಿ. ಅಲ್ಲಿ ಒಣಗಿ ಅಂಟಿದ ಕೆಸರಿನ ಹೆಂಟೆಯೇ ಸಾಕು, ಚಕ್ರದ ತೂಕ ತಪ್ಪಿಸಲು.

ಎಲ್ಲ ನಡುಕವೂ ಬ್ಯಾಲೆನ್ಸಿಂಗ್ ದೋಷವಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಬ್ರೇಕ್ ಡಿಸ್ಕ್ ಪರೀಕ್ಷಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ತಗ್ಗಿದರೆ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ದಂಡವಾದ ಡ್ರೈವ್ ಶಾಫ್ಟ್‌ನ ಕೀಲಿನ ಮೇಲೆ ಅನುಮಾನ. 20–30ರ ವೇಗದಲ್ಲೇ ಕಾರು ಕುಂಟಿದಂತೆ ದಡದಡ ಎಂದರೆ ಕೂಡಲೇ ನಿಲ್ಲಿಸಿ ಟಯರುಗಳನ್ನು ನೋಡಿ: ಗುಂಡಿಗೆ ಬಿದ್ದು ರಿಮ್ ಬಾಗಿರಬಹುದು, ಟಯರಿನ ಪಕ್ಕದಲ್ಲಿ ಗುಳ್ಳೆ ಎದ್ದಿರಬಹುದು, ವೀಲ್ ನಟ್ ಸಡಿಲವಾಗಿರಬಹುದು. ಗುಳ್ಳೆ ಎದ್ದ ಟಯರನ್ನು ರಿಪೇರಿ ಮಾಡಲಾಗದು, ಬದಲಿಸಲೇಬೇಕು.

ಇನ್ನು ಅಲೈನ್‌ಮೆಂಟ್. ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬುದನ್ನು ಅಳೆದು ಸರಿಪಡಿಸುವ ಕೆಲಸವಿದು. ಕೋನಗಳು ಮುಖ್ಯವಾಗಿ ಮೂರು. ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ಓರೆಯಾಗಿರುವುದು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರವಾಗಲು ಇದು ನೆರವಾಗುತ್ತದೆ, ಟಯರು ಸವೆಸುವುದರಲ್ಲಿ ಇದರ ಪಾಲು ಕಡಿಮೆ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಂದರತ್ತ ಒಂದು ತಿರುಗಿವೆಯೋ ದೂರ ಸರಿದಿವೆಯೋ ಎಂಬುದು ಟೋ.

ಟಯರನ್ನು ಹೆಚ್ಚಾಗಿ ತಿನ್ನುವುದು ಈ ಟೋ. ಕಾರು ನೇರ ಹೋಗುತ್ತಿದ್ದರೂ ಚಕ್ರ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಓರೆಯಾಗಿ ಉರುಳುತ್ತಿದೆ ಎಂದುಕೊಳ್ಳೋಣ. ಕಣ್ಣಿಗೆ ಕಾಣದಷ್ಟು ಸಣ್ಣ ಕೋನ. ಆದರೆ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಟಯರು ಸುಮಾರು ಮೂರೂವರೆ ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. 10,000 ಕಿಲೋಮೀಟರ್ ಓಡುವಷ್ಟರಲ್ಲಿ 35 ಕಿಲೋಮೀಟರ್. ಟೋ ತಪ್ಪಿದ್ದನ್ನು ಅಂಗೈಯೇ ಹೇಳುತ್ತದೆ. ಕಾರು ನಿಲ್ಲಿಸಿ, ಟಯರಿನ ಮೇಲೆ ಅಡ್ಡಡ್ಡಲಾಗಿ ಕೈಯಾಡಿಸಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ. ಟಯರಿನೊಳಗಿನ ಉಕ್ಕಿನ ತಂತಿ ಹೊರಬಂದಿದ್ದರೆ ಕೈ ಗಾಯವಾದೀತು, ಮೊದಲು ಕಣ್ಣಲ್ಲಿ ನೋಡಿಕೊಳ್ಳಿ. ಒಳ ಅಂಚು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ಮುಂದಿನ ಟಯರಿನ ಒಳ ಅಂಚು ಹೊರಗೆ ಕಾಣುತ್ತದೆ. ಹೊರಗಿನಿಂದ ಹೊಸದರಂತಿದ್ದು ಒಳಗೆ ತಂತಿ ಕಾಣಿಸುವ ಟಯರುಗಳು ಅಪರೂಪವೇನಲ್ಲ.

ಉಳಿದ ಸವೆತಗಳ ಗುರುತು ಸುಲಭ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿದೆ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ಬಹುಕಾಲ ತಪ್ಪಿತ್ತು. ಹೀಗೆ ತಗ್ಗುಬಿದ್ದ ಟಯರು, ಮೂಲ ದೋಷ ಸರಿಪಡಿಸಿದ ಮೇಲೂ ಗುಂಯ್‌ಗುಡುತ್ತಲೇ ಇರುತ್ತದೆ. ತೋಡುಗಳ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ಉಬ್ಬುಗಳಿರುತ್ತವೆ; ಯಾವುದೇ ಭಾಗದಲ್ಲಿ ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಟಯರಿನ ಆಯುಸ್ಸು ಮುಗಿಯಿತು.

ಮಾಡಿಸುವ ಕ್ರಮವೂ ಮುಖ್ಯ. ಮೊದಲು ಟಯರು ತಣ್ಣಗಿರುವಾಗ ಗಾಳಿ ನೋಡಬೇಕು. ಅಳತೆಯನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತಾರೆ. ಟಯರಿನ ಪಕ್ಕದಲ್ಲಿ ಬರೆದದ್ದು ಗರಿಷ್ಠ ಮಿತಿ, ತುಂಬಿಸಬೇಕಾದ ಅಳತೆಯಲ್ಲ. ಆಮೇಲೆ ಚಕ್ರವನ್ನು ಹಿಡಿದಿಡುವ, ತಿರುಗಿಸುವ ಕೀಲು-ಸರಳುಗಳಾದ ಬಾಲ್ ಜಾಯಿಂಟ್, ಟೈ ರಾಡ್, ಬುಷ್‌ಗಳಲ್ಲಿ ಸಡಿಲವಿದೆಯೇ ಎಂದು ಪರೀಕ್ಷಿಸಬೇಕು. ಅವು ಸಡಿಲವಿರುವಾಗ ಮಾಡಿದ ಅಲೈನ್‌ಮೆಂಟ್ ಮುಂದಿನ ಗುಂಡಿಯವರೆಗೂ ನಿಲ್ಲದು. ಬಳಿಕ ಬ್ಯಾಲೆನ್ಸಿಂಗ್, ಕೊನೆಗೆ ಅಲೈನ್‌ಮೆಂಟ್. ಹಲವು ಸಣ್ಣ ಕಾರುಗಳಲ್ಲಿ ಸುಲಭವಾಗಿ ಹೊಂದಿಸಬಹುದಾದದ್ದು ಮುಂದಿನ ಟೋ ಒಂದೇ; ಅವುಗಳಲ್ಲಿ ಕ್ಯಾಂಬರ್ ತಪ್ಪಿದ್ದರೆ ಯಾವುದೋ ಭಾಗ ಬಾಗಿರಬಹುದು ಅಥವಾ ಸವೆದಿರಬಹುದು, ಅದನ್ನು ಹುಡುಕಿಸಿ. ಕೆಲಸಕ್ಕೆ ಮೊದಲಿನ ಮತ್ತು ನಂತರದ ಕೋನಗಳಿರುವ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ, ಮುಂದಿನ ಬಾರಿ ಅದನ್ನೇ ತೋರಿಸಿ.