ಎರಿ ಮಣ್ಣಿನ ಹೆಸರು: ಆಣೆವಾರಿಯಿಂದ ಬಿರುಕಿನ ದಿನಗಳ ಲೆಕ್ಕದವರೆಗೆ

ಮಡ್ಡಿ, ಅಂದರೆ ಗರಸಿನ ಮೇಲಿನ ತೆಳುಮಣ್ಣಿನ ಹೊಲದ ಮಣ್ಣು ಆರೋಗ್ಯ ಚೀಟಿಯನ್ನೂ ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ದಂಡೆಯ ಎರಿ, ಅಂದರೆ ಆಳದ ಕಪ್ಪು ಜೇಡಿಮಣ್ಣಿನ ಹೊಲದ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಹಳ ಸಲ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ರಸಸಾರ 8.3ರ ಆಸುಪಾಸು, ಸಾವಯವ ಇಂಗಾಲ ಕಡಿಮೆ, ಪೊಟ್ಯಾಷ್ ಸಾಕಷ್ಟು. ಹೊಲಕ್ಕೆ ಹೋದರೆ ಅಜಗಜಾಂತರ. ಅಕ್ಟೋಬರಿನಲ್ಲಿ ಮಳೆ ನಿಂತಿತೆಂದರೆ ಮಡ್ಡಿಯ ಬಿಳಿಜೋಳ ತೆನೆ ಹೊರಡುವ ಮೊದಲೇ ಬಾಡುತ್ತದೆ. ಎರಿಯ ಜೋಳ ಮತ್ತೊಂದು ಹನಿ ಕಾಣದೆಯೂ ಕಾಳು ಕಟ್ಟುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತಿನ ಹಿಂದೆ ಇರುವುದು ಈ ಎರಿಯ ತಾಕತ್ತು.

ಚೀಟಿ ಸುಳ್ಳು ಹೇಳಿಲ್ಲ. ಮೇಲಿನ 15 ಸೆಂ.ಮೀ.ನಲ್ಲಿ ಪೋಷಕಾಂಶ ಎಷ್ಟಿದೆ ಎಂದಷ್ಟೇ ಅದನ್ನು ಕೇಳಲಾಗಿತ್ತು. ಮಣ್ಣು ಯಾವ ಬಗೆಯದು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಪ್ರಯೋಗಾಲಯದ ಅಂಕಿ, ಹವೆಯ ಅಂಕಿ, ನೆಲದ ಏರಿಳಿತ ಮೂರನ್ನೂ ಕೂಡಿಸಿ ಓದಬೇಕು. ಈ ಸೀಮೆಯಲ್ಲಿ ಆ ಪ್ರಶ್ನೆ ಲಿಖಿತವಾಗಿ ಎದ್ದು 175 ವರ್ಷ ದಾಟಿದೆ. ಒಂದೊಂದು ಕಾಲ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಿದೆ.

ಮೊಳದಲ್ಲಿ ಅಳೆದ ಕಾಲ

ಮುಂಬಯಿ ಪ್ರಾಂತದ ಕಂದಾಯ ಸರ್ವೆಯ ನಿಯಮಗಳನ್ನು ವಿಂಗೇಟ್, ಗೋಲ್ಡ್‌ಸ್ಮಿಡ್, ಡೇವಿಡ್‌ಸನ್ ಸೇರಿ 1847ರ ಜಂಟಿ ವರದಿಯಲ್ಲಿ ಬರೆದಿಟ್ಟರು. ಮಣ್ಣಿಗೆ ಮೂರು ದರ್ಜೆ: ನುಣುಪಾದ ಕಪ್ಪು, ತುಸು ಒರಟಾದ ಕೆಂಪು, ಗರಸು ಬೆರೆತ ತೆಳುಬಣ್ಣದ್ದು. ಅದರೊಳಗೆ ಆಳದ ಮೇಲೆ ಒಂಬತ್ತು ತರಗತಿ. ಒಂದೂಮುಕ್ಕಾಲು ಮೊಳ, ಅಂದರೆ ಸುಮಾರು 80 ಸೆಂ.ಮೀ. ಆಳದ ಕಪ್ಪು ಮಣ್ಣಿಗೆ 16 ಆಣೆ, ಅಂದರೆ ಪೂರ್ತಿ ಒಂದು ರೂಪಾಯಿಯ ಬೆಲೆ. ಆಳ ಕಾಲು ಮೊಳ ಇಳಿದಂತೆಲ್ಲ ಆಣೆಯೂ ಇಳಿಯುತ್ತಿತ್ತು. ಕೊನೆಯ ತರಗತಿಗೆ 2 ಆಣೆ. ಇದರ ಮೇಲೆ ಏಳು ದೋಷಗಳು: ಸುಣ್ಣದ ಹರಳು, ಮರಳು, ಇಳಿಜಾರು, ಅಂಟಿಲ್ಲದಿರುವುದು, ನೀರು ಇಂಗದಿರುವುದು, ಹರಿವ ನೀರಿಗೆ ಕೊಚ್ಚಿ ಹೋಗುವುದು, ನೀರು ನಿಲ್ಲುವುದು. ಒಂದು ದೋಷಕ್ಕೆ ಒಂದು ತರಗತಿ ಕೆಳಗೆ.

ಉದ್ದೇಶ ತೆರಿಗೆಯೇ ಆಗಿತ್ತು, ನಿಜ. ಆದರೂ ಆಳ, ಸುಣ್ಣ, ಇಳಿಜಾರು, ನೀರು ಬಸಿಯುವ ಬಗೆ ನಾಲ್ಕನ್ನೂ ಹೊಲದಲ್ಲೇ ನಿಂತು ಗುರುತಿಸಿದ ಪದ್ಧತಿ ಅದು. ನಮ್ಮ ಇಂದಿನ ಚೀಟಿಯಲ್ಲಿ ಈ ನಾಲ್ಕೂ ಇಲ್ಲ.

ಆಮೇಲೆ ಬಂದದ್ದು ರಸಾಯನದ ಕಾಲ. ಬ್ರಿಟಿಷ್ ರಸಾಯನಶಾಸ್ತ್ರಜ್ಞ ವೋಲ್ಕರ್ ಅವರ ಕೃಷಿ ವರದಿ 1893ರಲ್ಲಿ ಬಂತು. ಇನ್ನೊಬ್ಬ ರಸಾಯನಶಾಸ್ತ್ರಜ್ಞ ಲೆದರ್ 1898ರಲ್ಲಿ ದೇಶದ ಮಣ್ಣನ್ನು ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ವಿಂಗಡಿಸಿದರು. ಶಾಲೆಯ ಪುಸ್ತಕದಲ್ಲಿ ಇಂದಿಗೂ ಉಳಿದಿರುವುದು ಬಹುಪಾಲು ಆ ವಿಂಗಡಣೆಯೇ. ಕಪ್ಪು ಬಣ್ಣ ಎಲ್ಲಿಂದ ಬಂತು ಎಂಬ ಚರ್ಚೆ ಬಹಳ ದಿನ ನಡೆಯಿತು. ಟೈಟಾನಿಯಂ ಬೆರೆತ ಕಬ್ಬಿಣದ ಖನಿಜವೇ ಕಾರಣ ಎಂದೂ ವಾದಿಸಿದರು. ಜೇಡಿಯ ಕಣಕ್ಕೆ ಬಿಗಿಯಾಗಿ ಅಂಟಿದ ಹ್ಯೂಮಸ್ ಕಾರಣ ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಹಾಗಾಗಿ ಸಾವಯವ ಇಂಗಾಲ ಶೇ. 0.4 ಇದ್ದರೂ ಮಣ್ಣು ಕಾಡಿಗೆಯಂತಿರುತ್ತದೆ. ಕಪ್ಪಗಿದೆ ಎಂದು ಗೊಬ್ಬರ ಬಿಡುವವರು ಮೋಸ ಹೋಗುವುದು ಇಲ್ಲೇ.

1876–78ರ ಬರದ ನೆನಪು ಈ ಜಿಲ್ಲೆಗಳಿಂದ ಮಾಸಿರಲಿಲ್ಲ. 1933ರಲ್ಲಿ ವಿಜಯಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಶುರುವಾದಾಗ ಗಮನ ಗೊಬ್ಬರದಿಂದ ತೇವದ ಕಡೆ ಹೊರಳಿತು. ಒಡ್ಡು, ಆಗಾಗ ಕುಂಟಿ ಹೊಡೆದು ಮೇಲ್ಮಣ್ಣು ಸಡಿಲಿಸುವುದು, ಅಗಲ ಸಾಲು, ಕಡಿಮೆ ಬೀಜ ಎಂಬ ಮುಂಬಯಿ ಪದ್ಧತಿ ರೂಪುಗೊಂಡದ್ದು ಆ ದಶಕದಲ್ಲಿ. ಮಳೆಯ ಅಂಕಿ ಮತ್ತು ಮಣ್ಣಿನ ಅಂಕಿ ಒಂದೇ ಲೆಕ್ಕಕ್ಕೆ ಬಂದವು.

ಗುಂಡಿಯ ಗೋಡೆ

ಅಮೆರಿಕದ ಮಣ್ಣು ವರ್ಗೀಕರಣ 1975ರಲ್ಲಿ ಪುಸ್ತಕವಾಗಿ ಬಂದ ಮೇಲೆ ಎರಿಗೆ ‘ವರ್ಟಿಸಾಲ್’ ಎಂಬ ಹೆಸರು ಗಟ್ಟಿಯಾಯಿತು. ‘ಹೊರಳು’ ಎಂಬ ಅರ್ಥದ ಲ್ಯಾಟಿನ್ ಮೂಲದ ಪದ. ಇಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಮೇಲಿನ 50 ಸೆಂ.ಮೀ.ನಲ್ಲಿ ಜೇಡಿ ಶೇ. 30ಕ್ಕೆ ಕಡಿಮೆ ಇರಬಾರದು, ಬಿರುಕು ಕಾಲಕಾಲಕ್ಕೆ ಬಿಟ್ಟು ಮುಚ್ಚಬೇಕು, ಒಂದು ಮೀಟರಿನೊಳಗೆ ಕನಿಷ್ಠ 25 ಸೆಂ.ಮೀ. ದಪ್ಪದ ಪದರದಲ್ಲಿ ಮಣ್ಣು ಮಣ್ಣಿನ ಮೇಲೆ ಜಾರಿದ ಗುರುತು ಇರಬೇಕು.

ಆ ಗುರುತನ್ನು ನೋಡಲು ಗುಂಡಿ ತೋಡದೆ ದಾರಿಯಿಲ್ಲ. ಉದ್ದ 2 ಮೀಟರ್, ಅಗಲ 1, ಆಳ ಒಂದೂವರೆಯಿಂದ 2 ಮೀಟರ್; ಓದುವ ಗೋಡೆಗೆ ಬಿಸಿಲು ಬೀಳುವಂತಿರಲಿ. ಮಳೆಗಾಲದಲ್ಲಿ ತೋಡಿದರೆ ಎರಿಯ ಗೋಡೆ ಒಮ್ಮೆಲೇ ಕುಸಿಯುತ್ತದೆ, ಒಳಗೆ ಇಳಿದವರ ಜೀವಕ್ಕೇ ಅಪಾಯ. ಏಪ್ರಿಲ್‌ನಲ್ಲಿ ಬಿರುಕು ಚೆನ್ನಾಗಿ ಕಾಣುತ್ತದೆ, ಆದರೆ ಹೆಂಟೆ ಕಲ್ಲಾಗಿರುತ್ತದೆ. ತುಸು ಹಸಿ ಇರುವ ನವೆಂಬರ್–ಡಿಸೆಂಬರ್ ಒಳ್ಳೆಯದು. ಗುದ್ದಲಿಯ ಹೊಳಪನ್ನು ಚಾಕುವಿನಿಂದ ಕೆತ್ತಿ ತೆಗೆದು, 60 ಸೆಂ.ಮೀ. ಕೆಳಗೆ ಒಂದು ದೊಡ್ಡ ಹೆಂಟೆಯನ್ನು ಕೈಯಿಂದ ಬಿಡಿಸಿದರೆ ಅದು ಬೆಣೆಯ ಆಕಾರದಲ್ಲಿ ಬರುತ್ತದೆ. ಅದರ ಓರೆ ಮುಖ ಎಣ್ಣೆ ಸವರಿದಂತೆ ಮಿರುಗುತ್ತದೆ, ಮೇಲೆ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ನೆನೆದು ಉಬ್ಬಿದ ಮಣ್ಣಿಗೆ ಪಕ್ಕಕ್ಕೆ ಜಾಗ ಸಾಲದೆ ಓರೆಯಾಗಿ ಜಾರಿದ ಸಾಕ್ಷಿ ಅದು. ಯಾವ ದ್ರಾವಣವೂ ಇದನ್ನು ತೋರಿಸಲಾರದು.

ಮಾದರಿಯನ್ನು ಕೆಳಗಿನ ಪದರದಿಂದ ಮೇಲಕ್ಕೆ ತೆಗೆಯಬೇಕು. ಮೇಲಿಂದ ಶುರು ಮಾಡಿದರೆ ಉದುರಿದ ಮಣ್ಣು ಕೆಳಗಿನದರಲ್ಲಿ ಬೆರೆಯುತ್ತದೆ. ಬಿರುಕಿನೊಳಗಿನ ಮಣ್ಣು ಬೇಡವೇ ಬೇಡ. ಮೇಲ್ಮಣ್ಣು ಬಿರುಕಿನಲ್ಲಿ ಎರಡಡಿ ಇಳಿದಿರುತ್ತದೆ, ಅದನ್ನು ತೂಗಿದರೆ ಆಳದಲ್ಲಿ ಇಲ್ಲದ ಇಂಗಾಲ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರಯೋಗಾಲಯದಲ್ಲಿ ಎಡವುವ ಜಾಗಗಳು

ಮೊದಲ ತಪ್ಪು ಜರಡಿಯಲ್ಲೇ ಆಗುತ್ತದೆ. 2 ಮಿ.ಮೀ. ಜರಡಿಯ ಮೇಲೆ ಉಳಿದ ಸುಣ್ಣದ ಹರಳನ್ನು ಕಲ್ಲೆಂದು ಚೆಲ್ಲಿದರೆ ಮಣ್ಣಿನ ಸುಣ್ಣದ ಲೆಕ್ಕದಲ್ಲಿ ದೊಡ್ಡ ಪಾಲು ಹೋಯಿತು. ತೂಗಿ ಬರೆದಿಡಬೇಕು.

ಜೇಡಿಯ ಪ್ರಮಾಣ ಅಳೆಯಲು ಪಿಪೆಟ್ ವಿಧಾನ. ಕಣಗಳನ್ನು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್‌ನಲ್ಲಿ ಬಿಡಿಸಿ, ಜಾಡಿಯಲ್ಲಿ ಕದಡಿ, ಕಾದು, 10 ಸೆಂ.ಮೀ. ಆಳದಿಂದ ಹೀರಬೇಕು. ಎಷ್ಟು ಕಾಯಬೇಕು ಎಂಬುದನ್ನು ನೀರಿನ ಉಷ್ಣತೆ ನಿರ್ಧರಿಸುತ್ತದೆ. 20 ಡಿಗ್ರಿಯಲ್ಲಿ ಸುಮಾರು ಏಳೂಮುಕ್ಕಾಲು ತಾಸು, 30 ಡಿಗ್ರಿಯಲ್ಲಿ ಆರು ತಾಸಿನ ಮೇಲೆ ಹತ್ತು ನಿಮಿಷ. ವಿಜಯಪುರದ ಬೇಸಿಗೆಯಲ್ಲಿ 20 ಡಿಗ್ರಿಯ ಕೋಷ್ಟಕ ಹಿಡಿದು ಕೂತರೆ ಜೇಡಿಯ ಒಂದಷ್ಟು ಕಣ ಆಗಲೇ ಕೆಳಗಿಳಿದಿರುತ್ತದೆ, ಅಂಕಿ ಕಡಿಮೆ ಬರುತ್ತದೆ.

ಸಿಇಸಿ, ಅಂದರೆ ಮಣ್ಣು ಹಿಡಿದಿಡಬಲ್ಲ ಧನ ಅಯಾನುಗಳ ಲೆಕ್ಕ, ಇನ್ನೊಂದು ಕಡೆ ಕೈಕೊಡುತ್ತದೆ. ರಸಸಾರ 7ರ ಅಮೋನಿಯಂ ಅಸಿಟೇಟ್ ಸುಣ್ಣವನ್ನೇ ಕರಗಿಸುವುದರಿಂದ ಕ್ಯಾಲ್ಸಿಯಂ ಹುಸಿಯಾಗಿ ಉಬ್ಬುತ್ತದೆ. ಸುಣ್ಣದ ಮಣ್ಣಿಗೆ ರಸಸಾರ 8.2ರ ಸೋಡಿಯಂ ಅಸಿಟೇಟ್ ಸರಿ. ಸವಳು, ಅಂದರೆ ಉಪ್ಪುಗಟ್ಟಿದ ಮಣ್ಣಿನಲ್ಲಿ ಇಂಗಾಲದ ಪರೀಕ್ಷೆಗೂ ಕ್ಲೋರೈಡ್ ಅಡ್ಡ ಬರುತ್ತದೆ; ಗಂಧಕಾಮ್ಲಕ್ಕೆ ಬೆಳ್ಳಿಯ ಸಲ್ಫೇಟ್ ಬೆರೆಸದಿದ್ದರೆ ಕಳಪೆ ಹೊಲಕ್ಕೆ ಒಳ್ಳೆಯ ಇಂಗಾಲದ ಅಂಕಿ ಬಂದುಬಿಡುತ್ತದೆ.

ಎರಿಯ ಗುಣ ಎದ್ದು ತೋರುವ ಪರೀಕ್ಷೆ ಹಿಗ್ಗು-ಕುಗ್ಗಿನದು. ಹೆಂಟೆಯ ಸಾಂದ್ರತೆಯನ್ನು 33 ಕಿಲೋಪಾಸ್ಕಲ್ ತೇವದಲ್ಲಿ (ಹೆಚ್ಚಿನ ನೀರು ಬಸಿದುಹೋದ ಮೇಲೆ ಉಳಿಯುವ ಹದ) ಒಮ್ಮೆ, ಒಲೆಯಲ್ಲಿ ಒಣಗಿಸಿ ಒಮ್ಮೆ ಅಳೆಯುತ್ತಾರೆ. ಹಸಿಯಲ್ಲಿ 1.30, ಒಣಗಿದಾಗ 1.80 ಎಂದುಕೊಳ್ಳಿ. ಒಣದ್ದನ್ನು ಹಸಿಯದರಿಂದ ಭಾಗಿಸಿ, ಘನಮೂಲ ತೆಗೆದು, 1 ಕಳೆದರೆ 0.11. ಅಂದರೆ 10 ಸೆಂ.ಮೀ.ನ ಒಣ ಹೆಂಟೆ ನೆನೆದಾಗ ಪ್ರತಿ ದಿಕ್ಕಿಗೂ 1 ಸೆಂ.ಮೀ.ಗಿಂತ ತುಸು ಹೆಚ್ಚೇ ಬೆಳೆಯುತ್ತದೆ. 0.09 ದಾಟಿದರೆ ಅತಿ ಹಿಗ್ಗುವ ಮಣ್ಣು. ಇಂಥ ನೆಲದಲ್ಲಿ ಕಟ್ಟಿದ ಸಮಪಾತಳಿ ಒಡ್ಡುಗಳು ಬೇಸಿಗೆಯಲ್ಲಿ ಸೀಳಿ, ಮೊದಲ ದೊಡ್ಡ ಮಳೆಗೆ ಒಡೆದುಹೋಗುವುದು ಇದಕ್ಕೇ. ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ಮಾಡುವ ಚೌಕುಮಡಿ ಈ ಮಣ್ಣಿಗೆ ಹೆಚ್ಚು ಹೊಂದುತ್ತದೆ.

ಇನ್ನು ನೀರು. ಹಿಡಿದಿಡುವ ತೇವ ಶೇ. 40, ಬಾಡುವ ತೇವ ಶೇ. 22 ಎಂದಿಟ್ಟುಕೊಂಡರೆ, 1.3 ಸಾಂದ್ರತೆಯಲ್ಲಿ ಒಂದು ಮೀಟರ್ ಎರಿ ಬೆಳೆಗೆ 234 ಮಿ.ಮೀ. ನೀರು ಕೊಡಬಲ್ಲದು. ಅದೇ ಮಣ್ಣು 30 ಸೆಂ.ಮೀ. ಇದ್ದು ಕೆಳಗೆ ಗರಸಿದ್ದರೆ 70 ಮಿ.ಮೀ. ಮೊದಲು ಹೇಳಿದ ಎರಡು ಚೀಟಿಗಳ ಒಗಟು ಬಿಡಿಸುವ ಲೆಕ್ಕ ಇದು.

ಮಳೆ, ಕಲ್ಲು, ಇಳಿಜಾರು

ಬೆಳಗಾವಿ ನಗರದಲ್ಲಿ ವರ್ಷಕ್ಕೆ 1,200 ಮಿ.ಮೀ.ಗೂ ಮಿಕ್ಕಿ ಮಳೆ. ಅದೇ ಜಿಲ್ಲೆಯ ಅಥಣಿಯಲ್ಲಿ ಅದರ ಅರ್ಧದಷ್ಟು. ಎರಡೂ ಕಡೆ ಮೂಲಶಿಲೆ ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾದ ಕಪ್ಪುಕಲ್ಲೇ. ಪಶ್ಚಿಮದಲ್ಲಿ ಮಳೆ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಎಲ್ಲವನ್ನೂ ತೊಳೆದು ಕೆಂಪು ಜಂಬಿಟ್ಟಿಗೆ ಉಳಿಸಿತು; ಪೂರ್ವದಲ್ಲಿ ಅವು ಅಲ್ಲೇ ಉಳಿದು ಹಿಗ್ಗುವ ಸ್ಮೆಕ್ಟೈಟ್ ಜೇಡಿಯಾಯಿತು. ಹಾಗೆಂದು ಹವೆಯೊಂದೇ ಸಾಲದು. ಬಾದಾಮಿಯಲ್ಲಿ ಮಳೆ ಕಡಿಮೆಯೇ, ಆದರೆ ಮರಳುಗಲ್ಲಿನ ಬುಡದಲ್ಲಿ ಕೆಂಪು ಮರಳು ಮಣ್ಣು. ಅದೇ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿ ಆಳದ ಎರಿ. ಅದು ಹೊಳೆ ಹೊತ್ತು ತಂದದ್ದು.

ಒಂದು ಒಗಟು ಉಳಿಯುತ್ತದೆ. ಈಗ ವಿಜಯಪುರದಲ್ಲಿ ಬೀಳುವ 600 ಮಿ.ಮೀ. ಆಸುಪಾಸಿನ ಮಳೆಯಿಂದ ಇಷ್ಟು ಆಳಕ್ಕೆ ಇಷ್ಟು ಜೇಡಿ ಆಗುವುದು ಕಷ್ಟ. 1976ರಲ್ಲಿ ಸ್ಥಾಪನೆಯಾದ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ಡಿ.ಕೆ. ಪಾಲ್ ಮತ್ತು ಜೊತೆಗಾರರ ವಿವರಣೆ ಹೀಗಿದೆ: ಜೇಡಿ ಹುಟ್ಟಿದ್ದು ಹಿಂದಿನ ತೇವದ ಕಾಲದಲ್ಲಿ. ಹವೆ ಒಣಗುತ್ತ ಬಂದಂತೆ ಸುಣ್ಣ ಗಟ್ಟಿಯಾಗಿ ಕೂತಿತು, ಕ್ಯಾಲ್ಸಿಯಂ ತೆರವು ಮಾಡಿದ ಜಾಗಕ್ಕೆ ಸೋಡಿಯಂ ಬಂತು, ಜೇಡಿ ಕದಡಿ ರಂಧ್ರ ಮುಚ್ಚಿಕೊಂಡಿತು. 1954ರ ಅಮೆರಿಕನ್ ಕೈಪಿಡಿ ವಿನಿಮಯ ಸೋಡಿಯಂ, ಅಂದರೆ ಮಣ್ಣು ಹಿಡಿದ ಧನ ಅಯಾನುಗಳಲ್ಲಿ ಸೋಡಿಯಂನ ಪಾಲು, ಶೇ. 15 ದಾಟಿದರಷ್ಟೇ ಕರಲು (ಸೋಡಿಯಂ ಹೆಚ್ಚಾಗಿ ಕೆಟ್ಟ ಮಣ್ಣು) ಎಂದಿತ್ತು. ನಮ್ಮ ಎರಿಯಲ್ಲಿ ಶೇ. 5ಕ್ಕೇ ನೀರು ಇಂಗುವುದು ತಗ್ಗುತ್ತದೆ ಎಂದು ಇವರು ವಾದಿಸಿ, ತಾಸಿಗೆ 10 ಮಿ.ಮೀ. ನೀರು ದಾಟುವಿಕೆಯನ್ನೇ ಗಡಿಯಾಗಿ ಸೂಚಿಸಿದರು.

ಘಟಪ್ರಭಾ, ಮಲಪ್ರಭಾ ಕಾಲುವೆಯ ಸೀಮೆಯಲ್ಲಿ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಶೇ. 15ರೊಳಗಿದೆ, ಚಿಂತೆಯಿಲ್ಲ ಎಂದು ಕಬ್ಬಿಗೆ ನೀರು ಹಾಯಿಸಿದ ತಗ್ಗಿನ ಹೊಲಗಳು ಸವಳು-ಜವಳಾಗುವುದು (ಉಪ್ಪುಗಟ್ಟಿ ಜೌಗಾಗುವುದು) ತಡೆಯಬಹುದಾದ ನಷ್ಟ, ಅದಕ್ಕೇ ಹೆಚ್ಚು ನೋವು. ಚೀಟಿಯ ಲವಣಾಂಶವನ್ನೂ ತಪ್ಪಾಗಿ ಓದುತ್ತಾರೆ. ಅದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರಿನ ತಿಳಿಯಲ್ಲಿ ಅಳೆದದ್ದು. ಹಾನಿಯ ಗಡಿ ಎನ್ನುವ ಮೀಟರಿಗೆ 4 ಡೆಸಿಸೀಮನ್ಸ್ (ವಿದ್ಯುತ್ ಹರಿವಿನಿಂದ ಲವಣ ಅಳೆಯುವ ಮಾನ) ಇರುವುದು ಹದವಾಗಿ ಕಲಸಿದ ಮುದ್ದೆಯಿಂದ ಹಿಂಡಿದ ನೀರಿಗೆ. ಭಾರಿ ಜೇಡಿಯಲ್ಲಿ ಎರಡನೆಯದು ಮೊದಲನೆಯದರ ಎರಡೂವರೆ–ಮೂರು ಪಟ್ಟು ಇರಬಹುದು. ಚೀಟಿಯ 1.4 ಅಷ್ಟು ನಿರಪಾಯವಲ್ಲ.

ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಒಂದೇ ಊರಿನಲ್ಲಿ ಇದೆಲ್ಲ ಬದಲಾಗುತ್ತದೆ: ನೆತ್ತಿಯಲ್ಲಿ ಒಂದಡಿ ಮಡ್ಡಿ, ನಡುವೆ ಎರಡು–ಮೂರಡಿ, ಕೆಳಗೆ ಐದಡಿಗೂ ಮಿಕ್ಕಿದ ಎರಿ. ಇದನ್ನು ನಕ್ಷೆಗೆ ತಂದದ್ದು ರಾಜ್ಯದ ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದ ಭೂಸಂಪನ್ಮೂಲ ಸಮೀಕ್ಷೆ. ನಕ್ಷೆಯ ಪ್ರಮಾಣ 1:7,920. ಮೈಲಿಗೆ ಎಂಟು ಇಂಚಿನ ಗ್ರಾಮನಕ್ಷೆಯ ಅಳತೆ ಅದೇ. ಸರ್ವೆ ನಂಬರಿನ ಗಡಿ, ಮಣ್ಣಿನ ಆಳ, ಇಳಿಜಾರು ಮತ್ತೆ ಒಂದೇ ಹಾಳೆಗೆ ಬಂದವು.

ಅಮೆರಿಕದ ವರ್ಗೀಕರಣ ಎರಿಗೆ ಕೊಡುವ ಹೆಸರಿನ ಕೊನೆಯ ತುಂಡಿಗೆ, ಅಂದರೆ ಉಪಗುಂಪಿಗೆ, ಮಾತ್ರ ಯಾವ ಯಂತ್ರವೂ ಇಲ್ಲ. ನೀರಾವರಿಯಿಲ್ಲದ ಹೊಲದಲ್ಲಿ ಮೇಲಿನ 50 ಸೆಂ.ಮೀ.ನೊಳಗೆ, ಕನಿಷ್ಠ 25 ಸೆಂ.ಮೀ. ದಪ್ಪಕ್ಕೆ, 5 ಮಿ.ಮೀ. ಅಗಲದ ಬಿರುಕು ವರ್ಷಕ್ಕೆ ಒಟ್ಟು 210 ದಿನ ತೆರೆದಿದ್ದರೆ ಅದು ‘ಅರಿಡಿಕ್’ (ಒಣ) ಉಪಗುಂಪು. 150 ದಿನಕ್ಕಿಂತ ಕಡಿಮೆಯಾದರೆ ‘ಯೂಡಿಕ್’ (ತೇವದ್ದು). ಮಳೆಮಾಪಕ ಇದನ್ನು ಎಣಿಸುವುದಿಲ್ಲ, ಹತ್ತರಲ್ಲಿ ಆರು ವರ್ಷದ ನಡತೆ ಬೇಕು. 5 ಮಿ.ಮೀ. ದಪ್ಪದ ಸರಳೊಂದು ಸಾಕು: ಗುರುತು ಮಾಡಿದ ಹತ್ತು ಜಾಗದಲ್ಲಿ ವಾರಕ್ಕೊಮ್ಮೆ ಇಳಿಸಿ, ಎಷ್ಟು ಆಳ ಹೋಯಿತೆಂದು ಬರೆಯಬೇಕು. ಕುಂಟಿ ಹೊಡೆದ ಹೊಲದಲ್ಲಿ ಬಿರುಕಿನ ಬಾಯಿ ಮುಚ್ಚಿರುತ್ತದೆ. ಮೇಲಿನ ಹುಡಿಮಣ್ಣು ಸರಿಸಿ, ಅದರ ಕೆಳಗಿನಿಂದ ಅಳೆಯಬೇಕು.