ಹನಿ ಲೆಕ್ಕಕ್ಕೇ ಅರ್ಧ ಹಾಳೆ: ನರ್ಸಿಂಗ್ ಓದುವವರಿಗೆ ಒಂದು ಟಿಪ್ಪಣಿ

ಕಲಬುರಗಿಯಲ್ಲಿ ನರ್ಸಿಂಗ್ ಓದುವ ನಮಗೆ ವಾರ್ಡ್ ಪೋಸ್ಟಿಂಗ್, ಕ್ಲಾಸ್, ಇಂಟರ್ನಲ್ಸ್ ಎಲ್ಲ ಒಟ್ಟಿಗೇ ಬರುತ್ತವೆ. ದಪ್ಪ ನೋಟ್ಸ್ ತಿರುವಿ ಹಾಕಲು ಪುರುಸೊತ್ತು ಎಲ್ಲಿ? ಹಾಗಾಗಿ ಒಂದು ವಿಷಯಕ್ಕೆ ಒಂದೇ ಎ4 ಹಾಳೆ ಇಟ್ಟುಕೊಳ್ಳಿ. ಎಡಗಡೆ ಸಣ್ಣ ಅಂಚು ಬಿಟ್ಟು ಅಲ್ಲಿ ಪ್ರಶ್ನೆ, ಬಲಗಡೆ ಉತ್ತರ ಬರೆಯಿರಿ. ಓದುವಾಗ ಬಲಗಡೆ ಮುಚ್ಚಿಕೊಂಡು ಉತ್ತರ ಬಾಯಿಬಿಟ್ಟು ಹೇಳಿ. ಸುಮ್ನೆ ಕಣ್ಣಾಡಿಸಿದರೆ ಎಲ್ಲ ಗೊತ್ತು ಅನಿಸುತ್ತದೆ, ವೈವಾದಲ್ಲಿ ಬಾಯಿ ಕಟ್ಟುತ್ತದೆ. ಬಣ್ಣದ ಪೆನ್ನು ಒಂದೇ ಸಾಕು, ಅದೂ ಜೀವಕ್ಕೆ ಅಪಾಯ ಇರುವ ಸಾಲಿಗೆ ಮಾತ್ರ.

ಈಗ ಐವಿ ಹನಿ ಲೆಕ್ಕ, ಅಂದರೆ ರಕ್ತನಾಳಕ್ಕೆ ಹಾಕುವ ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು ಅನ್ನೋದು. ಇದು ಅರ್ಧ ಹಾಳೆ ತಿಂದರೂ ತಿನ್ನಲಿ.

ಸೂತ್ರ ಎಲ್ಲರಿಗೂ ಬಾಯಿಪಾಠ. ಎಷ್ಟು ಎಂಎಲ್ ಹಾಕಬೇಕೋ ಅದನ್ನು ಡ್ರಾಪ್ ಫ್ಯಾಕ್ಟರ್‌ನಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಬೇಕು. ಡ್ರಾಪ್ ಫ್ಯಾಕ್ಟರ್ ಅಂದರೆ ಆ ಡ್ರಿಪ್ ಸೆಟ್‌ನಲ್ಲಿ (ಬಾಟಲಿಗೆ ಜೋಡಿಸುವ ಕೊಳವೆ) ಒಂದು ಎಂಎಲ್‌ಗೆ ಎಷ್ಟು ಹನಿ ಅನ್ನೋದು. ಮಾಮೂಲಿ ಸೆಟ್‌ಗೆ ಸಾಮಾನ್ಯವಾಗಿ 20, ಸಣ್ಣ ಹನಿಯ ಮೈಕ್ರೋ ಸೆಟ್‌ಗೆ 60. 15ರ ಸೆಟ್ ಕೂಡ ಇದೆ. ಸೆಟ್‌ನ ಕವರ್ ಮೇಲೆ ಅಚ್ಚಾಗಿರುತ್ತದೆ, ಅದನ್ನು ನೋಡದೆ ಲೆಕ್ಕ ಶುರು ಮಾಡಬೇಡಿ.

ಎಡವುವುದು ಎಲ್ಲಿ ಅಂದರೆ ಗಂಟೆಯಲ್ಲಿ. ಡಾಕ್ಟರ್ ಆರ್ಡರ್ ಬರುವುದು ಗಂಟೆಯಲ್ಲಿ, ನಾವು ಎಣಿಸುವುದು ನಿಮಿಷಕ್ಕೆ. 500 ಎಂಎಲ್, 4 ಗಂಟೆ, ಸೆಟ್ 20. ಇಲ್ಲಿ 4ನ್ನು ಹಾಗೇ ಕೆಳಗೆ ಹಾಕಿದರೆ 2500 ಬರುತ್ತದೆ. ಈ 2500 ತಪ್ಪು ಸಂಖ್ಯೆ ಏನಲ್ಲ, ಅದು ಒಂದು ಗಂಟೆಯ ಹನಿ. ಅದನ್ನೇ 60ರಿಂದ ಭಾಗಿಸಿದರೆ 41.67, ಅಂದರೆ ನಿಮಿಷಕ್ಕೆ ಸುಮಾರು 42 ಹನಿ.

ಇನ್ನು ನನ್ನ ಮೆಚ್ಚಿನ ಅಡ್ಡದಾರಿ. ಮೊದಲು ಗಂಟೆಗೆ ಎಷ್ಟು ಎಂಎಲ್ ಅಂತ ತೆಗೆಯಿರಿ: 500 ಭಾಗಿಸು 4, ಅಂದರೆ 125. 20ರ ಸೆಟ್ ಆದರೆ 3ರಿಂದ ಭಾಗಿಸಿ. 15ರದ್ದಾದರೆ 4ರಿಂದ. ಮೈಕ್ರೋ ಸೆಟ್ ಆದರೆ ಭಾಗಿಸೋದೇ ಬೇಡ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಈ 3 ಎಲ್ಲಿಂದ ಬಂತು? 20ರಿಂದ ಗುಣಿಸಿ 60ರಿಂದ ಭಾಗಿಸೋದೂ, ನೇರವಾಗಿ 3ರಿಂದ ಭಾಗಿಸೋದೂ ಒಂದೇ ಅಲ್ವಾ? 60ರಲ್ಲಿ 20 ಮೂರು ಸಲ ಹೋಗುತ್ತದೆ, 15 ನಾಲ್ಕು ಸಲ, 60 ಒಂದೇ ಸಲ. ಇಷ್ಟು ಅರ್ಥವಾದರೆ ಸೂತ್ರ ಮರೆತರೂ ಹೆದರಬೇಕಿಲ್ಲ. ಪರೀಕ್ಷೆಯಲ್ಲಿ ಮಾತ್ರ ಪೂರ್ತಿ ಸೂತ್ರವನ್ನೇ ಬರೆಯಿರಿ, ಹಂತಗಳಿಗೂ ಮಾರ್ಕ್ಸ್ ಇರುತ್ತವೆ.

ನಿಮಿಷಕ್ಕೆ 42 ಹನಿ ಅಂದರೆ, ಮಂಚದ ಪಕ್ಕ ನಿಂತು 15 ಸೆಕೆಂಡ್ ಎಣಿಸಿದಾಗ 10 ಅಥವಾ 11 ಹನಿ ಬೀಳಬೇಕು. ಪೇಷಂಟ್ ಕೈ ಮಡಚಿದರೂ ಸ್ಟ್ಯಾಂಡ್ ಎತ್ತರ ಬದಲಾದರೂ ವೇಗ ಬದಲಾಗುತ್ತದೆ. ಮತ್ತೆ ಎಣಿಸಿ.

ಇನ್ಸುಲಿನ್‌ಗೆ ಹಾಳೆಯಲ್ಲಿ ಎರಡೇ ಸಾಲು, ಎರಡೂ ಕೆಂಪು ಪೆನ್ನಲ್ಲಿ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್ ಇರುವ ವಯಲ್ (ಔಷಧದ ಸಣ್ಣ ಬಾಟಲಿ) ಜಾಸ್ತಿ, ಅದಕ್ಕೆ ಎಂಎಲ್‌ಗೆ 40 ಯೂನಿಟ್ ಗುರುತಿರುವ 40ರ ಸಿರಿಂಜ್. ಆ ವಯಲ್‌ನಿಂದ 100ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 8 ಯೂನಿಟ್ ಮಾತ್ರ.

ಹಾಳೆಯ ಹಿಂಬದಿಯನ್ನು ಒಂದಕ್ಕೊಂದು ಕಲಸಿಹೋಗುವ ಜೋಡಿಗಳಿಗೆ ಬಿಡಿ, ಅಕ್ಕಪಕ್ಕ ಬರೆಯಿರಿ. ಪೊಟ್ಯಾಷಿಯಂ ಹೆಚ್ಚಾದರೆ ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಏಳುತ್ತದೆ, ಕಡಿಮೆಯಾದರೆ ಟಿ ಅಲೆ ಚಪ್ಪಟೆಯಾಗುತ್ತದೆ, ಜೊತೆಗೆ ಯು ಅಲೆ ಕಾಣುತ್ತದೆ. ನಮ್ಮೂರಿನವರಿಗೆ ಬೇಕೇ ಬೇಕಾದ ಜೋಡಿ ಬಿಸಿಲಿನದು. ಏಪ್ರಿಲ್, ಮೇ ಬಂತೆಂದರೆ ಇಲ್ಲಿ 40 ಡಿಗ್ರಿ ದಾಟೋದು ಹೊಸದಲ್ಲ. ಬಿಸಿಲಿಗೆ ಬಳಲಿದವರಿಗೆ ತಲೆಸುತ್ತು, ಬೆವರು, ಸುಸ್ತು ಇರುತ್ತದೆ, ಆದರೆ ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಾರೆ. ಹೀಟ್ ಸ್ಟ್ರೋಕ್‌ನಲ್ಲಿ ಮೈ ಒಳಗಿನ ಬಿಸಿ 40 ಡಿಗ್ರಿ ಮೀರಿ, ಮಾತು ತೊದಲುತ್ತದೆ ಅಥವಾ ಪ್ರಜ್ಞೆ ತಪ್ಪುತ್ತದೆ. ಬೆವರು ಇದೆಯೋ ಇಲ್ಲವೋ ಎಂಬುದನ್ನು ನಂಬಿ ಬೇರ್ಪಡಿಸಬೇಡಿ, ಎರಡರಲ್ಲೂ ಬೆವರಬಹುದು. ಮೊದಲನೆಯವರಿಗೆ ಓಆರ್‌ಎಸ್, ಒಂದು ಲೀಟರ್‌ನ ದೊಡ್ಡ ಪೊಟ್ಟಣ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ. ಎರಡನೆಯವರಿಗೆ ಕೂಡಲೇ ಮೈ ತಣ್ಣಗೆ ಮಾಡಬೇಕು. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ಹನಿ ನೀರೂ ಹಾಕಬಾರದು.