ಮದುವೆ ಫೋಟೋ ತೆಗೆಯುವವರಿಗೆ ಛಾಯಾಗ್ರಹಣ ಸಮಾವೇಶದಲ್ಲಿ ಏನಿದೆ?

ಪ್ರಶ್ನೆ: ಕಾಸರಗೋಡಿನ ಕುಂಬಳೆ ಹತ್ತಿರ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ಉಪನಯನ, ಗೃಹಪ್ರವೇಶಗಳೇ ಜೀವನ. ಬಿಡುವಾದಾಗ ಆಟ (ಯಕ್ಷಗಾನ), ತೆಯ್ಯಂ (ದೈವದ ಕೋಲ) ಫೋಟೋ ತೆಗೆಯುತ್ತೇನೆ. ಛಾಯಾಗ್ರಹಣ ಕಲಾವಿದರು, ಕಲಿಸುವವರು ಸೇರುವ ಪ್ರಾದೇಶಿಕ ಸಮಾವೇಶಗಳಿಗೆ ಹೋಗು ಎಂದು ಗೆಳೆಯರು ಹೇಳುತ್ತಾರೆ. ಎರಡು ದಿನ ಬಾಗಿಲು ಹಾಕಿ ಹೋದರೆ ನನ್ನಂಥವನಿಗೆ ಏನು ಸಿಕ್ಕೀತು? ಕಲಿಯುವುದೆಲ್ಲ ಯೂಟ್ಯೂಬ್‌ನಲ್ಲೇ ಇದೆಯಲ್ಲ?

ಉತ್ತರ: ಕ್ಯಾಮೆರಾ, ಲೈಟು, ಎಡಿಟಿಂಗ್ ಕಲಿಯಲಿಕ್ಕಾದರೆ ಹೋಗಬೇಡಿ. ಅದಕ್ಕೆ ಯೂಟ್ಯೂಬ್ ಧಾರಾಳ ಸಾಕು. ಆದರೆ ಆಟದ್ದೋ ತೆಯ್ಯಂನದ್ದೋ, ಒಂದೇ ವಿಷಯದ ಮೇಲೆ ತೆಗೆದ ಹದಿನೈದು ಇಪ್ಪತ್ತು ಚಿತ್ರಗಳು ನಿಮ್ಮಲ್ಲಿದ್ದರೆ ಖಂಡಿತ ಹೋಗಿ. ಆ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ನೋಡಿ, "ಇದನ್ನು ಇಲ್ಲಿಂದಲೇ ಯಾಕೆ ತೆಗೆದಿರಿ?" ಎಂದು ಕೇಳುವವರು ಊರಲ್ಲಿ ಸಿಗುವುದು ಕಷ್ಟ.

ಹೊರಡುವ ಮೊದಲು ಅದು ಎಂಥ ಕೂಟ ಎಂದು ತಿಳಿದುಕೊಳ್ಳಿ. ನಮ್ಮ ಕಡೆ ಫೋಟೋಗ್ರಾಫರುಗಳ ಸಮಾವೇಶ ಅಂದರೆ ಹೆಚ್ಚಾಗಿ ವೃತ್ತಿಬಾಂಧವರ ಸಂಘದ್ದು. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ಆಸುಪಾಸಿನಲ್ಲಿ ಅಂಥವು ನಡೆಯುತ್ತವೆ. ಹಿರಿಯರಿಗೆ ಸನ್ಮಾನ, ಆಲ್ಬಂ ಪ್ರಿಂಟಿಂಗಿನವರ ಮಳಿಗೆ, ಕಷ್ಟದಲ್ಲಿರುವ ಸದಸ್ಯರಿಗೆ ನೆರವು. ಅದರ ಬೆಲೆ ದೊಡ್ಡದು, ಆದರೆ ಅಲ್ಲಿ ನಿಮ್ಮ ಚಿತ್ರ ನೋಡಲಿಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಇನ್ನೊಂದು ಸಲೂನ್ ಪರಂಪರೆ, ಅಂದರೆ ಛಾಯಾಚಿತ್ರ ಸ್ಪರ್ಧೆ ಪ್ರದರ್ಶನಗಳದ್ದು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕ್ಲಬ್‌ಗಳು ಇದನ್ನು ಬೆಳೆಸಿದವು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳು ದೇಶವಿದೇಶ ಸುತ್ತಿದ್ದು ಸಲೂನ್‌ಗಳ ದಾರಿಯಲ್ಲೇ. ಅಲ್ಲಿ ತೀರ್ಪುಗಾರರು ಒಂದೊಂದೇ ಚಿತ್ರವನ್ನು ಕೆಲವೇ ಕ್ಷಣ ನೋಡಿ ಅಂಕ ಒತ್ತುತ್ತಾರೆ. ಒಂದು ಚಿತ್ರ ಗೆಲ್ಲಬಹುದು; ನಿಮ್ಮ ಇಪ್ಪತ್ತು ಚಿತ್ರ ಸೇರಿ ಏನು ಹೇಳುತ್ತಿವೆ ಎಂಬ ಮಾತು ಅಲ್ಲಿ ಬರುವುದೇ ಇಲ್ಲ.

ನಿಮ್ಮ ಗೆಳೆಯರು ಹೇಳುತ್ತಿರುವುದು ಮೂರನೆಯ ಬಗೆ, ಕಲಾವಿದರೂ ಕಲಿಸುವವರೂ ಒಟ್ಟಿಗೆ ಕೂರುವ ಕೂಟ. ಅಮೆರಿಕದ ರಾಚೆಸ್ಟರ್‌ನಲ್ಲಿ 1962ರಲ್ಲಿ ನೇಥನ್ ಲಯನ್ಸ್ ಛಾಯಾಗ್ರಹಣ ಬೋಧಿಸುವವರನ್ನು ಕರೆದು ಸಭೆ ನಡೆಸಿದರು. ಮರುವರ್ಷ ಅದರಿಂದ ಸೊಸೈಟಿ ಫಾರ್ ಫೋಟೋಗ್ರಾಫಿಕ್ ಎಜುಕೇಶನ್ ಹುಟ್ಟಿತು. ಅದರ ಪ್ರಾದೇಶಿಕ ಘಟಕಗಳು ನಡೆಸುವ ಸಮ್ಮೇಳನಗಳಲ್ಲಿ ಪ್ರೊಫೆಸರರ ಜೊತೆ ವಿದ್ಯಾರ್ಥಿಗಳೂ ತಮ್ಮ ಕೆಲಸ ತೋರಿಸುತ್ತಾರೆ. ಫ್ರಾನ್ಸಿನ ಆರ್ಲ್‌ನಲ್ಲಿ ಛಾಯಾಗ್ರಹಣ ಉತ್ಸವ 1970ರಿಂದ ನಡೆಯುತ್ತಿದೆ. ನಮಗೆ ಹತ್ತಿರದ ಮಾದರಿ ಢಾಕಾ: ಫೋಟೋಗ್ರಾಫರ್ ಶಾಹಿದುಲ್ ಆಲಂ ಅಲ್ಲಿ 1998ರಲ್ಲಿ ಪಾಠಶಾಲಾ ಎಂಬ ಛಾಯಾಗ್ರಹಣ ಶಾಲೆ ತೆರೆದರು, 2000ದಲ್ಲಿ ಛೋಬಿ ಮೇಳ ಎಂಬ ಛಾಯಾಗ್ರಹಣ ಉತ್ಸವ ಶುರುವಾಯಿತು. ಚೆನ್ನೈ ಫೋಟೋ ಬಿನಾಲೆ 2016ರದ್ದು. ಶಾಲೆಯೂ ಮೇಳವೂ ಒಂದೇ ಅಂಗಳದಲ್ಲಿ ಬೆಳೆದ ಢಾಕಾದ ದಾರಿಯೇ ನನಗೆ ಹೆಚ್ಚು ಹಿಡಿಸುತ್ತದೆ; ಅಲ್ಲಿನ ಹುಡುಗರು ತಮ್ಮ ಊರನ್ನು ತಾವೇ ತೋರಿಸಲು ಕಲಿತರು.

ಇಂಥ ಕೂಟಗಳ ಜೀವ ಇರುವುದು ಪೋರ್ಟ್‌ಫೋಲಿಯೋ ರಿವ್ಯೂನಲ್ಲಿ. ಒಂದು ಮೇಜು, ಎರಡು ಕುರ್ಚಿ, ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಎದುರು ಕೂತವರು ಕಲಾ ಶಾಲೆಯ ಅಧ್ಯಾಪಕರಿರಬಹುದು, ಪ್ರದರ್ಶನ ಏರ್ಪಡಿಸುವವರಿರಬಹುದು, ಪತ್ರಿಕೆಯ ಚಿತ್ರ ಸಂಪಾದಕರಿರಬಹುದು. ನೀವು ಯಕ್ಷಗಾನದ ಚಿತ್ರಗಳನ್ನು ಒಯ್ದಿದ್ದೀರಿ ಎನ್ನಿ. ಎಲ್ಲವೂ ರಂಗಸ್ಥಳದ ಎದುರಿನಿಂದ ತೆಗೆದವು, ಎಲ್ಲದರಲ್ಲೂ ವೇಷ ಹಾರುತ್ತಿದೆ, ಕಿರೀಟ ಮಿಂಚುತ್ತಿದೆ. ಅವರು ಮೆಚ್ಚುತ್ತಾರೆ, ಮತ್ತೆ ಕೇಳುತ್ತಾರೆ: ಚೌಕಿ (ಬಣ್ಣದ ಮನೆ) ಎಲ್ಲಿ? ಬಣ್ಣದ ವೇಷದವರು ಕನ್ನಡಿ ಮುಂದೆ ಗಂಟೆಗಟ್ಟಲೆ ಕೂತು ಮುಖಕ್ಕೆ ತಾವೇ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರಲ್ಲ, ಅದು ಎಲ್ಲಿ? ನಿದ್ದೆಗೆಟ್ಟ ಮಕ್ಕಳು, ಬೆಳಗಿನ ಜಾವ ಪೆಟ್ಟಿಗೆ ಕಟ್ಟುವವರು? ಇಲ್ಲವೇ ಆರು ಚಿತ್ರಗಳನ್ನು ಪಕ್ಕಕ್ಕಿಟ್ಟು, "ಇವು ಆರೂ ಒಂದೇ ಮಾತು ಹೇಳುತ್ತವೆ, ಒಂದು ಸಾಕು" ಎನ್ನುತ್ತಾರೆ. ಕೇಳಲು ಕಷ್ಟ. ಆದರೆ ಮುಂದಿನ ಆಟಕ್ಕೆ ಹೋದಾಗ ನೀವು ನಿಲ್ಲುವ ಜಾಗವೇ ಬದಲಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿದ್ದು ಆಟದ ಚಿತ್ರ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಎರಡನೆಯ ಲಾಭ ಮಾತುಕತೆಯದ್ದು. ಕಾಸರಗೋಡಿನವರಿಗೆ ಇದು ಬೇರೆಲ್ಲರಿಗಿಂತ ಹೆಚ್ಚು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಪಡ್ರೆ, ಎಣ್ಮಕಜೆ, ಬೆಳ್ಳೂರು ಕಡೆಯ ನರಳುವ ಮಕ್ಕಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಶ್ರೀಪಡ್ರೆಯವರಂಥ ಪತ್ರಕರ್ತರ ಬರಹದ ಜೊತೆ ಆ ಚಿತ್ರಗಳೂ ಸೇರಿ ಜನರನ್ನು ಅಲುಗಿಸಿದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷಕ್ಕೆ ದೇಶದಲ್ಲೇ ತಡೆ ಹಾಕಿತು. ಚಿತ್ರ ತೆಗೆದದ್ದರಿಂದ ಒಳ್ಳೆಯದೇ ಆಯಿತು. ಆದರೂ ಆ ಮಕ್ಕಳ ಅಮ್ಮಂದಿರು ಬಾಗಿಲಿಗೆ ಬಂದ ಕ್ಯಾಮೆರಾಗಳಿಗೆಲ್ಲ ಮಗುವನ್ನು ಎತ್ತಿ ತೋರಿಸಬೇಕಾಯಿತಲ್ಲ? ಮಗುವಿನ ದೇಹವೊಂದನ್ನೇ ತೋರಿಸಿ, ಅವಳ ಹೆಸರು, ಆಟ, ನಗು ಯಾವುದನ್ನೂ ತೋರಿಸದ ಚಿತ್ರ ಅವಳಿಗೆ ನ್ಯಾಯ ಮಾಡುತ್ತದೆಯೇ? ತೆಗೆದ ಚಿತ್ರವನ್ನು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆದವರು ಎಷ್ಟು ಮಂದಿ? ಛಾಯಾಗ್ರಹಣ ಕಲಿಸುವವರು ಜಗತ್ತಿನ ಎಲ್ಲ ಕಡೆ ಚರ್ಚಿಸುವ ಪ್ರಶ್ನೆ ಇದು. ನಮ್ಮ ಪಾಲಿಗೆ ನೆರೆಮನೆಯ ಪ್ರಶ್ನೆ. ಅಲ್ಲಿ ಮಾತಾಡುವ ಹಕ್ಕು ನಿಮಗಿದೆ.

ತೆಯ್ಯಂ ವಿಷಯದಲ್ಲೂ ಹಾಗೆಯೇ. ತುಲಾ ತಿಂಗಳ ಹತ್ತು ಕಳೆದ ಮೇಲೆ ಕಳಿಯಾಟ್ಟದ (ತೆಯ್ಯಂ ಉತ್ಸವದ) ಅಂಗಳಗಳಲ್ಲಿ ಭಕ್ತರಿಗೆ ದೈವ ಕಾಣದಷ್ಟು ಕ್ಯಾಮೆರಾ ನಿಲ್ಲುತ್ತವೆ. ಕೋಲಧಾರಿ ಕನ್ನಡಿಯಲ್ಲಿ ಮುಖ ನೋಡಿ ದೈವವಾಗುವ ಗಳಿಗೆಗೆ ಫ್ಲ್ಯಾಶ್ ಹಾರಿಸುವುದು ತಪ್ಪು ಎಂದು ನಾನು ನಂಬಿದ್ದೇನೆ. ಇದನ್ನು ಹೊರಗಿನವರಿಗೆ ಹೇಳಬೇಕಾದವರು ಆ ಅಂಗಳದ ರೀತಿ ಬಲ್ಲ ನಿಮ್ಮಂಥ ಫೋಟೋಗ್ರಾಫರೇ.

ಇನ್ನು ತಯಾರಿ. ಮೊಬೈಲ್‌ನಲ್ಲಿ ತೋರಿಸಬೇಡಿ. 8×12 ಅಳತೆಯಲ್ಲಿ ಮ್ಯಾಟ್ ಪ್ರಿಂಟ್ ಹಾಕಿಸಿ. ಗ್ಲಾಸಿಯಾದರೆ ಟ್ಯೂಬ್‌ಲೈಟಿನ ಕೆಳಗೆ ಹೊಳಪೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ಆಲ್ಬಂಗೆ ಅಂಟಿಸದೆ ಬಿಡಿಯಾಗಿಡಿ, ಏಕೆಂದರೆ ಎದುರಿನವರು ಅನುಕ್ರಮ ಬದಲಿಸಿ ತೋರಿಸುತ್ತಾರೆ. ಹಿಂದೆ ಊರು, ವರ್ಷ, ಪ್ರಸಂಗ ಬರೆಯಿರಿ. ಮದುವೆಯ ಚಿತ್ರಗಳನ್ನು ಬಿಟ್ಟು ಹೋಗಬೇಕೆಂದಿಲ್ಲ. ಒಂದೇ ಊರಿನ ಮದುವೆ ಚಪ್ಪರಗಳು ಹತ್ತು ವರ್ಷದಲ್ಲಿ ಹೇಗೆ ಬದಲಾದವು ಎಂದು ತೋರಿಸಬಲ್ಲ ಸರಣಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಈಗಲೇ ಇದ್ದೀತು. ಅದನ್ನು ಹೊರಗೆ ತೋರಿಸುವ ಮೊದಲು ಆ ಮನೆಯವರನ್ನು ಕೇಳಿ, ಅಷ್ಟೆ.

ನಿಮ್ಮ ಸ್ಟುಡಿಯೋದಲ್ಲಿ ಹಿಂದಿನವರ ಕಾಲದ ನೆಗೆಟಿವ್ ಉಳಿದಿದ್ದರೆ ಅದರ ಬಗ್ಗೆಯೂ ಕೇಳಿಕೊಂಡು ಬನ್ನಿ. ನಮ್ಮ ಕರಾವಳಿಯ ತೇವಕ್ಕೆ ಫಿಲ್ಮಿಗೆ ಬೂಷ್ಟು ಹಿಡಿಯುವುದು ಬೇಗ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕುವುದು, ಸಿಲಿಕಾ ಜೆಲ್ ಇಡುವುದು ಇಂಥವನ್ನು ತಿಳಿದವರು ಅಲ್ಲಿರುತ್ತಾರೆ. 1956ರ ನವೆಂಬರ್ 1ಕ್ಕೆ ಕೇರಳ ಸೇರಿದ ನಮ್ಮ ಕಾಸರಗೋಡಿನ ಮನೆ, ಮುಖಗಳು ಹಳೆಯ ಸ್ಟುಡಿಯೋಗಳ ಕಪಾಟಿನಲ್ಲೇ ಇವೆ, ಬೇರೆಲ್ಲೂ ಇಲ್ಲ.

ಭಾಷೆಗೆ ಅಂಜಬೇಡಿ. ಕೊಚ್ಚಿಯಲ್ಲಾದರೆ ನಿಮ್ಮ ಮಲಯಾಳ ಸಾಕು, ಮಂಗಳೂರು ಬೆಂಗಳೂರಿನಲ್ಲಿ ಕನ್ನಡ. ಸಂಘಟಕರಿಗೆ ಮೊದಲೇ ಫೋನ್ ಮಾಡಿ ರಿವ್ಯೂಗೆ ಬೇರೆ ಶುಲ್ಕ ಇದೆಯೇ, ಹೆಸರು ಯಾವಾಗ ನೋಂದಾಯಿಸಬೇಕು, ಎದುರು ಕೂರುವವರು ಯಾರು ಎಂದು ಕೇಳಿ. ಕ್ಯಾಮೆರಾ ಕಂಪನಿಯ ಪ್ರತಿನಿಧಿಗಳೇ ಹೆಚ್ಚಿದ್ದರೆ ಬಿಟ್ಟುಬಿಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಡೆಯುವಂಥದ್ದು ಸಿಕ್ಕಿದರೆ ಬಹಳ ಒಳ್ಳೆಯದು. ಆಗ ಮುಹೂರ್ತಗಳಿಲ್ಲ, ಎರಡು ದಿನ ಬಾಗಿಲು ಹಾಕಿದರೂ ಗಿರಾಕಿ ತಪ್ಪುವುದಿಲ್ಲ.